ಹೊಸ ಮೊಬೈಲ್, ಹಳೆಯ ಗಣಕಯಂತ್ರ: ಒಂದಕ್ಕೊಂದು ಹೊಂದದಿದ್ದರೆ ಏನು ಮಾಡಬೇಕು?

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು. ಹಾವೇರಿ ಜಿಲ್ಲೆಯ ಈ ನಾಲ್ಕು ತಾಲ್ಲೂಕು ಕೇಂದ್ರಗಳ ಯಾವುದೇ ಜೆರಾಕ್ಸ್ ಹಾಗೂ ಡಿ.ಟಿ.ಪಿ. ಅಂಗಡಿಯ ಎದುರು ತುಸು ಹೊತ್ತು ನಿಂತರೆ ಒಂದು ದೂರು ಕಿವಿಗೆ ಬೀಳದೆ ಇರದು: 'ಫೋನ್ ಹೊಸಾದು, ವಾಯರ್ ಹೊಸಾದು, ಆದರ ಕಂಪ್ಯೂಟರಿನ್ಯಾಗ ಏನೂ ಕಾಣವಲ್ದು.' ಮೊಬೈಲಿನಲ್ಲಿ ತೆಗೆದ ಮದುವೆಯ ಛಾಯಾಚಿತ್ರಗಳನ್ನು ಗಣಕಯಂತ್ರಕ್ಕೆ ಇಳಿಸಬೇಕಾಗಿರುತ್ತದೆ. ಇಲ್ಲವೇ ಹತ್ತು ಹದಿನೈದು ವರ್ಷಗಳ ಹಿಂದೆ ಗಣಕದಲ್ಲಿ ಬೆರಳಚ್ಚು ಮಾಡಿಟ್ಟ ಲಗ್ನಪತ್ರಿಕೆ, ಸಂಘದ ಠರಾವು, ಭಜನಾ ಪದಗಳ ಸಂಗ್ರಹವನ್ನು ಮೊಬೈಲಿಗೆ ಏರಿಸಬೇಕಾಗಿರುತ್ತದೆ. ಎರಡೂ ಯಂತ್ರಗಳು ತಮ್ಮಷ್ಟಕ್ಕೆ ಸುಸ್ಥಿತಿಯಲ್ಲಿರುತ್ತವೆ. ಜೋಡಿಸಿದಾಗ ಮಾತ್ರ ಒಂದರ ಪಾಲಿಗೆ ಇನ್ನೊಂದು ಇಲ್ಲವೆಂಬಂತೆ ವರ್ತಿಸುತ್ತವೆ.

ಇಂತಹ ಸಂದರ್ಭಗಳಲ್ಲಿ ಸಾಮಾನ್ಯವಾಗಿ ದೊರೆಯುವ ಸಲಹೆಗಳು ಎರಡು: ಗಣಕವನ್ನು ಫಾರ್ಮ್ಯಾಟ್ ಮಾಡಿ, ಇಲ್ಲವೇ ಗಣಕವನ್ನೇ ಬದಲಿಸಿ. ಇವೆರಡೂ ಆತುರದ ಸಲಹೆಗಳೆಂಬುದು ಈ ಲೇಖನದ ನಿಲುವು. ಬಹುತೇಕ ಸಂದರ್ಭಗಳಲ್ಲಿ ಕೆಟ್ಟಿರುವುದು ಯಂತ್ರವಲ್ಲ. ಬೇರೆ ಬೇರೆ ಕಾಲದಲ್ಲಿ ತಯಾರಾದ ಎರಡು ಯಂತ್ರಗಳ ನಡುವಿನ ಒಪ್ಪಂದ ಎಲ್ಲೋ ಒಂದು ಮೆಟ್ಟಿಲಿನಲ್ಲಿ ತಪ್ಪಿರುತ್ತದೆ. ಆ ಮೆಟ್ಟಿಲು ಯಾವುದೆಂದು ತಿಳಿದರೆ ಹೆಚ್ಚಿನ ಖರ್ಚಿಲ್ಲದೆ ಕೆಲಸವಾಗುತ್ತದೆ. ತಿಳಿಯದೆ ಅಳಿಸಿದರೆ, ಬೇರೆಲ್ಲೂ ಪ್ರತಿಯಿಲ್ಲದ ಕಡತಗಳು ಶಾಶ್ವತವಾಗಿ ಹೋಗುತ್ತವೆ.

ಯಾವುದು ಹಳೆಯ ಗಣಕ?

ಭೂಮಿ ಯೋಜನೆಯಡಿ ಪಹಣಿಗಳು ಗಣಕೀಕೃತಗೊಂಡು ತಾಲ್ಲೂಕು ಕಚೇರಿಯಲ್ಲಿ ಮುದ್ರಿತ ಪ್ರತಿ ದೊರೆಯಲಾರಂಭಿಸಿದ್ದು 2001-02ರ ಆಸುಪಾಸಿನಲ್ಲಿ. ನಮ್ಮ ಭಾಗದ ಅನೇಕ ರೈತರು ಗಣಕಯಂತ್ರದ ಕೆಲಸವನ್ನು ಕಣ್ಣಾರೆ ಕಂಡದ್ದೇ ಆ ಕಿಟಕಿಯ ಮುಂದೆ. 2001ರಲ್ಲಿಯೇ ವಿಂಡೋಸ್ ಎಕ್ಸ್‌ಪಿ ಬಿಡುಗಡೆಯಾಯಿತು. ಮೈಕ್ರೋಸಾಫ್ಟ್ ಸಂಸ್ಥೆಯು ಅದಕ್ಕೆ ನೀಡುತ್ತಿದ್ದ ಬೆಂಬಲವನ್ನು 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ ನೀಡುತ್ತಿದ್ದುದನ್ನು 2020ರ ಜನವರಿ 14ರಂದು ನಿಲ್ಲಿಸಿತು. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆದ್ದರಿಂದ ನಿನ್ನೆ ಮೊನ್ನೆ ಕೊಂಡಂತಿರುವ ಗಣಕವೂ ಇಂದು ಲೆಕ್ಕಕ್ಕೆ ಹಳೆಯದೇ. ಬೆಂಬಲ ನಿಂತ ಮಾತ್ರಕ್ಕೆ ಯಂತ್ರ ನಿಲ್ಲುವುದಿಲ್ಲ. ಬೆರಳಚ್ಚು, ಮುದ್ರಣ, ಲೆಕ್ಕಪತ್ರ ಎಲ್ಲವೂ ನಡೆಯುತ್ತಲೇ ಇರುತ್ತವೆ. ಹೊರಗಿನ ಪ್ರಪಂಚದೊಡನೆ ವ್ಯವಹರಿಸುವಾಗ ಮಾತ್ರ ಅದು ಹಿಂದುಳಿಯುತ್ತದೆ, ಮತ್ತು ಹೊಸ ಮೊಬೈಲ್ ಎಂದರೆ ಹೊರಗಿನ ಪ್ರಪಂಚವೇ.

ಮೊದಲ ಅನುಮಾನ ಕೇಬಲಿನ ಮೇಲಿರಲಿ

ಯು.ಎಸ್.ಬಿ. 2.0 ಕೇಬಲಿನೊಳಗೆ ನಾಲ್ಕು ತಂತಿಗಳಿರುತ್ತವೆ. ಎರಡು ವಿದ್ಯುತ್ತಿಗೆ, ಎರಡು ಮಾಹಿತಿಗೆ. ಅಗ್ಗದ ಕೆಲವು ಕೇಬಲುಗಳಲ್ಲಿ ಮಾಹಿತಿಯ ಎರಡು ತಂತಿಗಳನ್ನೇ ಹಾಕಿರುವುದಿಲ್ಲ. ಮೊಬೈಲ್ ಚಾರ್ಜ್ ಆಗುವುದರಿಂದ ಕೇಬಲ್ ಸರಿಯಾಗಿದೆಯೆಂದೇ ಎಲ್ಲರೂ ನಂಬುತ್ತಾರೆ. ಗಣಕಕ್ಕಾದರೋ ಅಲ್ಲೊಂದು ಮೊಬೈಲ್ ಇದೆಯೆಂಬ ಸುಳಿವೇ ಸಿಗುವುದಿಲ್ಲ. ಜಾತ್ರೆಯಲ್ಲಿಯೋ ಬಸ್ ನಿಲ್ದಾಣದಲ್ಲಿಯೋ ಕೊಂಡ ಕೇಬಲನ್ನು ಬದಿಗಿಟ್ಟು, ಮೊಬೈಲಿನ ಪೆಟ್ಟಿಗೆಯಲ್ಲಿ ಬಂದ ಕೇಬಲಿನಿಂದ ಪರೀಕ್ಷಿಸುವುದೇ ಮೊದಲ ಹೆಜ್ಜೆ.

ಇಲ್ಲಿ ಇನ್ನೊಂದು ತೊಡಕಿದೆ. ಈಚಿನ ಕೆಲವು ಮೊಬೈಲುಗಳೊಂದಿಗೆ ಬರುವ ಕೇಬಲಿನ ಎರಡೂ ತುದಿಗಳು ದುಂಡಂಚಿನ ಸಣ್ಣ 'ಟೈಪ್ ಸಿ' ಮಾದರಿಯವು. ಆ ಮಾದರಿ ಪ್ರಕಟವಾದದ್ದು 2014ರಲ್ಲಿ. ಅದಕ್ಕೂ ಹಿಂದಿನ ಗಣಕದಲ್ಲಿ ಅದನ್ನು ಚುಚ್ಚುವ ಜಾಗವೇ ಇಲ್ಲ. ಒಂದು ತುದಿ ಚೌಕಾಕಾರದ ಹಳೆಯ 'ಟೈಪ್ ಎ', ಇನ್ನೊಂದು ತುದಿ 'ಟೈಪ್ ಸಿ' ಇರುವ ಕೇಬಲನ್ನು 'ಡೇಟಾ ಕೇಬಲ್' ಎಂದೇ ಸ್ಪಷ್ಟವಾಗಿ ಕೇಳಿ ಕೊಳ್ಳಬೇಕು.

ಮೇಜಿನ ಗಣಕವಾದರೆ ಡಬ್ಬಿಯ ಮುಂಭಾಗದ ಕಿಂಡಿಗಿಂತ ಹಿಂಭಾಗದ ಕಿಂಡಿ ಮೇಲು. ಹಿಂಭಾಗದ್ದು ಮದರ್‌ಬೋರ್ಡಿನ ಮೇಲೆಯೇ ಕೂತಿರುತ್ತದೆ. ಮುಂಭಾಗದ್ದು ಒಳಗಿನ ತೆಳುವಾದ ತಂತಿಯೊಂದನ್ನು ನೆಚ್ಚಿಕೊಂಡಿರುತ್ತದೆ. ಇನ್ನು ಹತ್ತಿ, ಗೋವಿನಜೋಳದ ಧೂಳಿನ ನಡುವೆ ಅಂಗಿಯ ಜೇಬಿನಲ್ಲಿಯೇ ಬಾಳುವ ಮೊಬೈಲುಗಳ ಕಿಂಡಿಯಲ್ಲಿ ಎಳೆ, ಕಸ ಗಟ್ಟಿಯಾಗಿ ಕೂರುವುದು ಸಹಜ. ಮೊಬೈಲನ್ನು ಆರಿಸಿ, ಕಟ್ಟಿಗೆಯ ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆದಕಿ ತೆಗೆಯಬಹುದು. ಪಿನ್ನು, ಸೂಜಿಗಳನ್ನು ಬಳಸಬಾರದು.

ಮೊಬೈಲಿನ ಅನುಮತಿ

ಕೇಬಲ್ ಸರಿಯಿದ್ದರೂ ಆಂಡ್ರಾಯ್ಡ್ ಮೊಬೈಲುಗಳು ತಾವಾಗಿ ಬಾಗಿಲು ತೆರೆಯುವುದಿಲ್ಲ. ಜೋಡಿಸಿದೊಡನೆ 'ಚಾರ್ಜ್ ಮಾತ್ರ' ಎಂಬ ಸ್ಥಿತಿಯಲ್ಲಿಯೇ ನಿಲ್ಲುತ್ತವೆ. ಮೊಬೈಲಿನ ಬೀಗ ತೆರೆದು, ಪರದೆಯ ಮೇಲಂಚಿನಿಂದ ಬೆರಳನ್ನು ಕೆಳಕ್ಕೆ ಎಳೆದರೆ ಯು.ಎಸ್.ಬಿ. ಕುರಿತ ಸೂಚನೆಯೊಂದು ಕಾಣುತ್ತದೆ. ಅದನ್ನು ಮುಟ್ಟಿ 'ಫೈಲ್ ಟ್ರಾನ್ಸ್‌ಫರ್' ಆಯ್ದುಕೊಳ್ಳಬೇಕು. ಐಫೋನಿನಲ್ಲಿ ಈ ಗಣಕವನ್ನು ನಂಬುವಿರಾ ಎಂಬ ಪ್ರಶ್ನೆ ಬರುತ್ತದೆ. ಒಪ್ಪಿಗೆ ಕೊಟ್ಟು ಗುಪ್ತಸಂಖ್ಯೆ ಒತ್ತಬೇಕು. ಇದೊಂದು ರಕ್ಷಣೆಯೇ ಹೊರತು ಕಿರಿಕಿರಿಯಲ್ಲ. ದಾರಿಯಲ್ಲಿ ಸಿಕ್ಕ ಯಾವುದೋ ಗಣಕಕ್ಕೆ ಚಾರ್ಜಿಗೆಂದು ಸಿಕ್ಕಿಸಿದ ಮೊಬೈಲಿನಿಂದ ಚಿತ್ರಗಳು ಸೋರಿಹೋಗಬಾರದು ಎಂಬುದು ಇದರ ಉದ್ದೇಶ.

'ಪೆನ್‌ಡ್ರೈವ್ ಹಂಗ ಯಾಕ ಕಾಣೂದಿಲ್ಲ?'

ಹಿಂದಿನ ಮೊಬೈಲನ್ನು ಸಿಕ್ಕಿಸಿದರೆ ಪೆನ್‌ಡ್ರೈವಿನಂತೆ ಒಂದು ಡ್ರೈವ್ ಅಕ್ಷರ ಬರುತ್ತಿತ್ತೆಂದು ಹಲವರು ನೆನಪಿಸಿಕೊಳ್ಳುತ್ತಾರೆ. ಅದು ನಿಜ. ಆಗ ಗಣಕವು ಮೊಬೈಲಿನ ಕಾರ್ಡನ್ನು ಸಂಪೂರ್ಣವಾಗಿ ತನ್ನ ವಶಕ್ಕೆ ತೆಗೆದುಕೊಳ್ಳುತ್ತಿತ್ತು. ಅಷ್ಟು ಹೊತ್ತು ಮೊಬೈಲಿಗೆ ಆ ಕಾರ್ಡ್ ಬಳಸಲು ಬರುತ್ತಿರಲಿಲ್ಲ. ಒಂದೇ ಕಣಜಕ್ಕೆ ಏಕಕಾಲದಲ್ಲಿ ಇಬ್ಬರು ಕೈಹಾಕಿದರೆ ಲೆಕ್ಕ ತಪ್ಪುತ್ತದೆ. ಆಂಡ್ರಾಯ್ಡಿನ 2011ರ ಆವೃತ್ತಿಗಳಿಂದೀಚೆಗೆ ಈ ಪದ್ಧತಿಯನ್ನು ಕೈಬಿಟ್ಟು ಎಂ.ಟಿ.ಪಿ. ಎಂಬ ವಿಧಾನವನ್ನು ತರಲಾಯಿತು. ಇದರಲ್ಲಿ ಕಣಜದ ಕೀಲಿ ಮೊಬೈಲಿನ ಕೈಯಲ್ಲಿಯೇ ಉಳಿಯುತ್ತದೆ. ಗಣಕವು ಇಂತಹ ಕಡತ ಕೊಡು ಎಂದು ಕೇಳುತ್ತದೆ, ಮೊಬೈಲ್ ತೆಗೆದು ಕೊಡುತ್ತದೆ.

ಎಂ.ಟಿ.ಪಿ. ಹುಟ್ಟಿದ್ದು ಮೈಕ್ರೋಸಾಫ್ಟಿನಲ್ಲಿ, ಹಾಡು ಕೇಳುವ ಸಣ್ಣ ಯಂತ್ರಗಳ ಸಲುವಾಗಿ. ಹೀಗಾಗಿ ವಿಂಡೋಸ್ ವಿಸ್ಟಾ ಹಾಗೂ 7ರಲ್ಲಿ ಅದು ಅಂತರ್ಗತವಾಗಿದ್ದರೂ ವಿಂಡೋಸ್ ಎಕ್ಸ್‌ಪಿಗೆ ಮಾತ್ರ ವಿಂಡೋಸ್ ಮೀಡಿಯಾ ಪ್ಲೇಯರಿನ 10 ಅಥವಾ 11ನೆಯ ಆವೃತ್ತಿಯೊಂದಿಗೆ ಬರುತ್ತದೆ. ಹಾಡು ಕೇಳುವ ತಂತ್ರಾಂಶಕ್ಕೂ ಮದುವೆಯ ಚಿತ್ರಗಳಿಗೂ ಏನು ಸಂಬಂಧವೆಂದು ಯಾರಿಗಾದರೂ ಅನ್ನಿಸುವುದು ಸಹಜವೇ. ಎಕ್ಸ್‌ಪಿ ಗಣಕದಲ್ಲಿ 9ನೆಯ ಆವೃತ್ತಿಯೇ ಉಳಿದಿದ್ದರೆ ಮೊದಲು ಅದನ್ನು ಮೇಲ್ದರ್ಜೆಗೆ ಏರಿಸಬೇಕು.

ಅದೂ ಸಾಧ್ಯವಾಗದಿದ್ದರೆ ಒಂದು ಹಿಂಬಾಗಿಲಿದೆ. ಮೊಬೈಲಿನ ಅದೇ ಯು.ಎಸ್.ಬಿ. ಪಟ್ಟಿಯಲ್ಲಿ 'ಪಿ.ಟಿ.ಪಿ.' ಎಂಬ ಆಯ್ಕೆ ಇರುತ್ತದೆ. ಇದನ್ನು ಒತ್ತಿದರೆ ಮೊಬೈಲ್ ತನ್ನನ್ನು ಡಿಜಿಟಲ್ ಕ್ಯಾಮೆರಾ ಎಂದು ಪರಿಚಯಿಸಿಕೊಳ್ಳುತ್ತದೆ. ಕ್ಯಾಮೆರಾಗಳ ಭಾಷೆ ಎಕ್ಸ್‌ಪಿಗೆ ಹುಟ್ಟಿನಿಂದಲೇ ಬರುತ್ತದೆ; ಆದ್ದರಿಂದ ಕಡೇಪಕ್ಷ ಛಾಯಾಚಿತ್ರಗಳನ್ನಾದರೂ ಇಳಿಸಿಕೊಳ್ಳಬಹುದು. ಐಫೋನಿನ ಚಿತ್ರಗಳೂ ಐಟ್ಯೂನ್ಸ್ ಇಲ್ಲದೆಯೇ ಈ ದಾರಿಯಿಂದ ಬರುತ್ತವೆ.

ಬಂದ ಚಿತ್ರ ತೆರೆಯದಿದ್ದರೆ ಅದು ಬೇರೆಯೇ ಸಮಸ್ಯೆ. ಐಫೋನ್ 2017ರಿಂದ ಚಿತ್ರಗಳನ್ನು ಜೆಪೆಗ್ ಬದಲು 'ಹೈಕ್' ಎಂಬ ಕಿರಿದಾದ ರೂಪದಲ್ಲಿ ಉಳಿಸುತ್ತದೆ. ಕೆಲವು ಆಂಡ್ರಾಯ್ಡ್ ಮೊಬೈಲುಗಳಲ್ಲಿಯೂ ಅಂತಹ ಆಯ್ಕೆ ಇದೆ. ಹಳೆಯ ವಿಂಡೋಸಿಗೆ ಅದು ಗೊತ್ತಿಲ್ಲ. ಐಫೋನಿನ ಕ್ಯಾಮೆರಾ ಸಂಯೋಜನೆಯಲ್ಲಿ 'ಮೋಸ್ಟ್ ಕಂಪ್ಯಾಟಿಬಲ್' ಎಂದು ಇಟ್ಟರೆ ಮುಂದಿನ ಚಿತ್ರಗಳು ಜೆಪೆಗ್ ಆಗಿಯೇ ಮೂಡುತ್ತವೆ. ಈಗಾಗಲೇ ತೆಗೆದವುಗಳಿಗಾಗಿ ಛಾಯಾಚಿತ್ರಗಳ ಸಂಯೋಜನೆಯಲ್ಲಿ ಗಣಕಕ್ಕೆ ವರ್ಗಾವಣೆ ಎಂಬಲ್ಲಿ 'ಆಟೋಮ್ಯಾಟಿಕ್' ಆಯ್ದಿರಬೇಕು.

ಹೆಸರು, ದೂರವಾಣಿ ಸಂಖ್ಯೆಗಳ ಕಥೆ

ನೋಕಿಯಾ ಮೊಬೈಲುಗಳ ಕಾಲದಲ್ಲಿ ಪಿಸಿ ಸೂಟ್ ಎಂಬ ತಂತ್ರಾಂಶವಿತ್ತು. ಗಣಕವೇ ಯಜಮಾನ, ಮೊಬೈಲ್ ಅದರ ಆಳು. ಗಣಕದಲ್ಲಿನ ವಿಳಾಸ ಪುಸ್ತಕಕ್ಕೂ ಮೊಬೈಲಿಗೂ ಕೇಬಲಿನ ಮೂಲಕ ತಾಳೆ ಹಾಕುವುದನ್ನೇ 'ಸಿಂಕ್' ಎನ್ನುತ್ತಿದ್ದರು. ಇಂದು ಆ ಯಜಮಾನಿಕೆ ಗಣಕದ ಕೈತಪ್ಪಿದೆ. ಮೊಬೈಲ್ ತನ್ನ ಹೆಸರುಗಳ ಪಟ್ಟಿಯನ್ನು ದೂರದ ಸರ್ವರಿನಲ್ಲಿರುವ ಖಾತೆಯೊಡನೆ ತಾಳೆ ಹಾಕುತ್ತದೆ. ಎದುರಿಗಿರುವ ಗಣಕವನ್ನು ಅದು ಕೇಳುವುದೇ ಇಲ್ಲ. ಆದ್ದರಿಂದ ಕೇಬಲ್ ಜೋಡಿಸಿ ಸಂಖ್ಯೆಗಳು ತಾವಾಗಿ ಹರಿದುಬರಲೆಂದು ಕಾಯುವುದರಲ್ಲಿ ಅರ್ಥವಿಲ್ಲ.

ಹಳೆಯ ಗಣಕದಲ್ಲಿ ಉಳಿದ ಸಂಖ್ಯೆಗಳನ್ನು ಹೊರತೆಗೆಯಲು ವಿ-ಕಾರ್ಡ್ ಎಂಬ ರೂಪ ಎಲ್ಲಕ್ಕಿಂತ ವಿಶ್ವಾಸಾರ್ಹ. ಕೊನೆಯಲ್ಲಿ 'ವಿಸಿಎಫ್' ಎಂದಿರುವ ಆ ಕಡತವನ್ನು ಆಂಡ್ರಾಯ್ಡ್, ಐಫೋನ್ ಎರಡೂ ಓದಬಲ್ಲವು. ಒಂದು ಎಚ್ಚರಿಕೆ ಅಗತ್ಯ. ಹೆಸರುಗಳು ಕನ್ನಡ ಯೂನಿಕೋಡಿನಲ್ಲಿದ್ದರೆ ಅವನ್ನು ಹಳೆಯ ಎಕ್ಸೆಲ್‌ನಿಂದ ಸಿ.ಎಸ್.ವಿ. ರೂಪದಲ್ಲಿ ಉಳಿಸಬಾರದು. ಆ ರೂಪ ಕನ್ನಡವನ್ನು ಹಿಡಿದಿಡಲಾರದೆ ಪ್ರತಿ ಅಕ್ಷರದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಯನ್ನು ಬರೆದುಬಿಡುತ್ತದೆ. ಇದು ನೋಟದ ದೋಷವಲ್ಲ, ಅಕ್ಷರವೇ ನಾಶವಾಗಿರುತ್ತದೆ. ಮೂಲ ಕಡತವಿಲ್ಲದಿದ್ದರೆ ಮರಳಿ ಪಡೆಯಲು ಯಾವ ತಂತ್ರಾಂಶದಿಂದಲೂ ಆಗದು.

ಅಂತರಜಾಲದ ದಾರಿಯೂ ಮುಚ್ಚಿದಾಗ

ಕೇಬಲಿನ ಗೊಡವೆಯೇ ಬೇಡ, ಮಿಂಚಂಚೆಯ ಮೂಲಕವೋ ವಾಟ್ಸ್‌ಆ್ಯಪಿನ ಗಣಕ ಆವೃತ್ತಿಯ ಮೂಲಕವೋ ಕಳಿಸಿದರಾಯಿತು ಎಂದು ಹೊರಟವರಿಗೆ ಎದುರಾಗುವುದು ಬ್ರೌಸರಿನ ಅಡ್ಡಗೋಡೆ. ಎಕ್ಸ್‌ಪಿಗೆ ಕ್ರೋಮ್ ಬೆಂಬಲ ನಿಂತದ್ದು 2016ರಲ್ಲಿ. ಕೊನೆಯ ಆವೃತ್ತಿ 49. ವಿಂಡೋಸ್ 7ಕ್ಕೆ ದೊರೆತ ಕೊನೆಯ ಕ್ರೋಮ್ 109, ಅದೂ 2023ರ ಆರಂಭದಲ್ಲಿ ಮುಗಿಯಿತು. ಇಂದಿನ ಜಾಲತಾಣಗಳು ಬಳಸುವ ರಹಸ್ಯಲಿಪಿ ಹಳೆಯ ಇಂಟರ್ನೆಟ್ ಎಕ್ಸ್‌ಪ್ಲೋರರ್ 8ಕ್ಕೆ ಅರ್ಥವಾಗದು. ಪುಟ ತೆರೆಯುವುದಿಲ್ಲವೆಂಬ ಸಂದೇಶವಷ್ಟೇ ಕಾಣುತ್ತದೆ, ಕಾರಣ ಕಾಣುವುದಿಲ್ಲ.

ಒಂದು ಕಾರಣವನ್ನು ಮಾತ್ರ ಮನೆಯಲ್ಲಿಯೇ ಸರಿಪಡಿಸಬಹುದು. ಅದು ತಕ್ಷಣಕ್ಕೆ ಯಾರಿಗೂ ಹೊಳೆಯುವುದಿಲ್ಲ. ಪರದೆಯ ಬಲಮೂಲೆಯ ಗಡಿಯಾರವನ್ನು ನೋಡಿ. ವಿದ್ಯುತ್ ಇಲ್ಲದಾಗಲೂ ಗಣಕದ ದಿನಾಂಕವನ್ನು ಕಾಯುವ ನಾಣ್ಯದಾಕಾರದ ಸಣ್ಣ ಬ್ಯಾಟರಿ ಮದರ್‌ಬೋರ್ಡಿನ ಮೇಲಿರುತ್ತದೆ. ಸಾಮಾನ್ಯವಾಗಿ ಅದರ ಗುರುತು ಸಿಆರ್2032. ಕೆಲ ವರ್ಷಗಳಲ್ಲಿ ಅದು ಸತ್ತರೆ ಪ್ರತಿ ಬಾರಿ ವಿದ್ಯುತ್ ಹೋಗಿ ಬಂದಾಗಲೂ ಗಣಕ ತಾನು ತಯಾರಾದ ಕಾಲಕ್ಕೆ ಮರಳುತ್ತದೆ. ಜಾಲತಾಣಗಳ ಭದ್ರತಾ ಪ್ರಮಾಣಪತ್ರಗಳಿಗೆ ಆರಂಭ ಹಾಗೂ ಮುಕ್ತಾಯದ ದಿನಾಂಕಗಳಿವೆ. ಗಣಕದ ಪ್ರಕಾರ ಇಂದು 2005ರ ಜನವರಿ 1 ಆಗಿದ್ದರೆ ಆ ಪ್ರಮಾಣಪತ್ರ ಇನ್ನೂ ಹುಟ್ಟಿಯೇ ಇಲ್ಲ. ಬ್ರೌಸರ್ ಸಹಜವಾಗಿ ನಿರಾಕರಿಸುತ್ತದೆ. ಗಡಿಯಾರದ ಅಂಗಡಿಯಲ್ಲೂ ಸಿಗುವ ಈ ಬ್ಯಾಟರಿಯ ಬೆಲೆ ಅತ್ಯಲ್ಪ.

ಮೊಬೈಲಿನ ಹಾಟ್‌ಸ್ಪಾಟಿಗೆ ಹಳೆಯ ಲ್ಯಾಪ್‌ಟಾಪ್ ಸೇರಿಕೊಳ್ಳುತ್ತಿಲ್ಲವೇ? ಹೊಸ ಮೊಬೈಲ್ 5 ಗಿಗಾಹರ್ಟ್ಸ್ ತರಂಗದಲ್ಲಿ ಪ್ರಸಾರ ಮಾಡುತ್ತಿರಬಹುದು. ಹಳೆಯ ಲ್ಯಾಪ್‌ಟಾಪುಗಳಲ್ಲಿ ಹಲವಕ್ಕೆ 2.4 ಮಾತ್ರ ಕೇಳಿಸುತ್ತದೆ. ಹಾಟ್‌ಸ್ಪಾಟ್ ಸಂಯೋಜನೆಯಲ್ಲಿ ತರಂಗವನ್ನು 2.4 ಗಿಗಾಹರ್ಟ್ಸ್‌ಗೂ ಭದ್ರತೆಯನ್ನು ಡಬ್ಲ್ಯುಪಿಎ2ಗೂ ಬದಲಿಸಿದರೆ ಹೆಸರು ಕಾಣಿಸಿಕೊಳ್ಳುತ್ತದೆ. ಹೀಗೆ ಸಂಪರ್ಕ ಸಿಕ್ಕರೂ ಎಕ್ಸ್‌ಪಿ ಗಣಕದಲ್ಲಿ ಬ್ಯಾಂಕಿನ ಗುಪ್ತಪದವನ್ನಂತೂ ಒತ್ತಬಾರದು.

ಬ್ಲೂಟೂತ್ ಚಿಕ್ಕ ಕಡತಗಳಿಗೆ ಅನುಕೂಲ. ಒಂದು ಗಿಗಾಬೈಟಿನ ವೀಡಿಯೊ ಕಳಿಸಹೊರಟರೆ ಒಂದು ಗಂಟೆಯೂ ಹಿಡಿಯಬಹುದು. ಐಫೋನಿನಿಂದ ವಿಂಡೋಸ್ ಗಣಕಕ್ಕೆ ಬ್ಲೂಟೂತಿನಲ್ಲಿ ಕಡತ ಹೋಗುವುದೇ ಇಲ್ಲ.

ಕಾರ್ಡು, ಪೆನ್‌ಡ್ರೈವು ಮತ್ತು ಒಂದು ಅಪಾಯಕಾರಿ ಪ್ರಶ್ನೆ

ನೇರ ಸಂಪರ್ಕ ಸಾಧ್ಯವಾಗದಿದ್ದಾಗ ನಡುವೆ ಒಂದು ಪೆನ್‌ಡ್ರೈವನ್ನು ಇಟ್ಟುಕೊಳ್ಳುವುದು ಸರಳ ಉಪಾಯ. ಎರಡೂ ಬಗೆಯ ತುದಿಗಳಿರುವ ಪೆನ್‌ಡ್ರೈವುಗಳು ದೊರೆಯುತ್ತವೆ, ಇಲ್ಲವಾದರೆ ಓ.ಟಿ.ಜಿ. ಎಂಬ ಸಣ್ಣ ಕೊಂಡಿ ಸಾಕು. ಪೆನ್‌ಡ್ರೈವ್ 'ಫ್ಯಾಟ್32' ರೂಪದಲ್ಲಿದ್ದರೆ ಮೊಬೈಲ್, ಎಕ್ಸ್‌ಪಿ ಎರಡೂ ಓದುತ್ತವೆ. ಮಿತಿಯೊಂದೇ: 4 ಗಿಗಾಬೈಟಿಗಿಂತ ದೊಡ್ಡದಾದ ಒಂದೇ ಕಡತ ಅದರಲ್ಲಿ ಹಿಡಿಯದು. ಮದುವೆಯ ಇಡೀ ವೀಡಿಯೊ ಅರ್ಧಕ್ಕೆ ನಿಲ್ಲುವುದು ಇದರಿಂದಲೇ. ಪೆನ್‌ಡ್ರೈವಿನಲ್ಲಿ ಜಾಗವಿದ್ದರೂ ಜಾಗವಿಲ್ಲವೆಂಬ ಸಂದೇಶ ಬರುತ್ತದೆ.

32 ಗಿಗಾಬೈಟಿಗಿಂತ ಹೆಚ್ಚಿನ ಮೆಮೊರಿ ಕಾರ್ಡುಗಳು 'ಎಕ್ಸ್‌ಫ್ಯಾಟ್' ರೂಪದಲ್ಲಿ ಬರುತ್ತವೆ. ವಿಶೇಷ ಪರಿಷ್ಕರಣೆ ಹಾಕದ ಎಕ್ಸ್‌ಪಿಗೆ ಅದು ತಿಳಿಯದು. ಮೊಬೈಲಿನ ಒಳಸಂಗ್ರಹವಾಗಿಯೇ ಸೇರಿಸಿಕೊಂಡ ಕಾರ್ಡಿನ ಮಾಹಿತಿ ರಹಸ್ಯಲಿಪಿಯಲ್ಲಿರುವುದರಿಂದ ಅದನ್ನು ಯಾವ ಗಣಕವೂ ಓದದು. ಇಂತಹ ಕಾರ್ಡನ್ನು ಸಿಕ್ಕಿಸಿದಾಗ ವಿಂಡೋಸ್ ಬಲು ಸೌಜನ್ಯದಿಂದ ಕೇಳುತ್ತದೆ: ಡಿಸ್ಕ್ ಫಾರ್ಮ್ಯಾಟ್ ಆಗಿಲ್ಲ, ಈಗ ಫಾರ್ಮ್ಯಾಟ್ ಮಾಡಲೇ? ಕಾರ್ಡಿನಲ್ಲಿ ಏನೂ ಇಲ್ಲವೆಂದು ಇದರ ಅರ್ಥವಲ್ಲ, ತನಗೆ ಓದಲು ಬರುವುದಿಲ್ಲವೆಂದಷ್ಟೇ ಅರ್ಥ. ಉತ್ತರ ಯಾವಾಗಲೂ 'ನೋ' ಆಗಿರಬೇಕು. ಶಿಶುನಾಳದ ಭಜನೆಯನ್ನೋ ಊರಿನ ಹಿರಿಯ ಗಾಯಕರ ಗೀಗೀ ಪದವನ್ನೋ ಯಾರಾದರೂ ಹಳೆಯ ಮೊಬೈಲಿನಲ್ಲಿ ಧ್ವನಿಮುದ್ರಿಸಿಟ್ಟಿದ್ದರೆ, ಹಾಡಿದವರು ಇಂದು ಇಲ್ಲದಿರಬಹುದು. ಒಂದು ಗುಂಡಿ ಒತ್ತಿದ ತಪ್ಪಿಗೆ ಅದೂ ಹೋಗಬಾರದು.

ನಕಲಿಸುವಾಗ 'ಕಟ್' ಆಜ್ಞೆಯನ್ನು ಬಳಸದೆ 'ಕಾಪಿ'ಯನ್ನೇ ಬಳಸಬೇಕು. ನಡುವೆ ವಿದ್ಯುತ್ ಕೈಕೊಟ್ಟರೂ ಮೂಲ ಪ್ರತಿ ಉಳಿದಿರುತ್ತದೆ.

ಕಡತ ಬಂತು, ಕನ್ನಡ ಬರಲಿಲ್ಲ

ಇಷ್ಟೆಲ್ಲ ಮೆಟ್ಟಿಲುಗಳನ್ನು ದಾಟಿ ಕಡತ ಮೊಬೈಲಿಗೆ ತಲುಪಿತೆನ್ನಿ. ತೆರೆದು ನೋಡಿದರೆ ಕನ್ನಡದ ಬದಲು ಇಂಗ್ಲಿಷಿನ ಅಕ್ಷರಗಳು, ತಲೆಯ ಮೇಲೆ ಗೆರೆ ಚುಕ್ಕಿಗಳಿರುವ ಎ, ಇ, ಯುಗಳು, ನಡುನಡುವೆ ಪೌಂಡ್ ಚಿಹ್ನೆ. ಜಗತ್ತಿನ ಬೇರೆ ಭಾಗಗಳ ಬಳಕೆದಾರರಿಗೆ ಹೆಚ್ಚಾಗಿ ಬಾರದ, ಕನ್ನಡಿಗರನ್ನು ವಿಶೇಷವಾಗಿ ಕಾಡುವ ತೊಡಕಿದು. ನಮ್ಮ ತಾಲ್ಲೂಕುಗಳ ಅಂಗಡಿ, ಶಾಲೆ, ಸಂಘಗಳ ಮಟ್ಟಿಗೆ ಹೇಳುವುದಾದರೆ ಕೇಬಲಿಗಿಂತ ದೊಡ್ಡ ಅಡ್ಡಿ ಇದೇ.

ಕಾರಣ ಹೀಗಿದೆ. ಗಣಕಕ್ಕೆ ಅಕ್ಷರವೆಂದರೆ ಒಂದು ಸಂಖ್ಯೆ. ಕನ್ನಡದ ಅಕ್ಷರಗಳಿಗೆ ಜಗತ್ತಿನಾದ್ಯಂತ ಒಪ್ಪಿತವಾದ ಸಂಖ್ಯೆಗಳು ಯೂನಿಕೋಡಿನ 1991ರ ಮೊದಲ ಆವೃತ್ತಿಯಲ್ಲಿಯೇ ಇದ್ದವು. ಆದರೆ ಅವನ್ನು ಬಳಸುವ ಸಾಮರ್ಥ್ಯ ಅಂದಿನ ಗಣಕಗಳಿಗಿರಲಿಲ್ಲ. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ 'ಬರಹ' ಬಂತು. ಈ ಶತಮಾನದ ಆರಂಭದಲ್ಲಿ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವನ್ನು ಆಧರಿಸಿದ ನುಡಿಯಲ್ಲಿ ಬೆರಳಚ್ಚು ಕಲಿತವರೇ ಇಂದಿಗೂ ನಮ್ಮ ಡಿ.ಟಿ.ಪಿ. ಅಂಗಡಿಗಳ ಆಧಾರ. ಮುದ್ರಣಾಲಯಗಳಲ್ಲಿ ಶ್ರೀಲಿಪಿಯಂತಹ ತಂತ್ರಾಂಶಗಳೂ ಇದ್ದವು. ಇವು ಅಂದು ಹಿಡಿದ ಉಪಾಯ ಒಂದೇ: ಇಂಗ್ಲಿಷ್ ಹಾಗೂ ಯುರೋಪಿನ ಭಾಷೆಗಳ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳನ್ನೇ ಬಳಸಿ, ಫಾಂಟಿನಲ್ಲಿ ಮಾತ್ರ ಆ ಜಾಗದಲ್ಲಿ ಕನ್ನಡದ ಚೂರುಗಳನ್ನು ಚಿತ್ರಿಸುವುದು. ನುಡಿಯಲ್ಲಿ 'ಕ' ಎಂದು ಕಾಣುವುದು ಗಣಕದ ಒಳಗೆ ಇಂಗ್ಲಿಷಿನ 'ಪಿ' ಮತ್ತು ತಲೆಯ ಮೇಲೆ ಓರೆಗೆರೆಯಿರುವ 'ಎ'. ವೇಷ ತೊಟ್ಟ ಪಾತ್ರಧಾರಿಯಂತೆ; ಫಾಂಟ್ ಎಂಬ ಬಣ್ಣ ಅಳಿಸಿದೊಡನೆ ಒಳಗಿನವನು ಹೊರಬರುತ್ತಾನೆ. ಮೊಬೈಲಿನಲ್ಲಿ ಆ ಫಾಂಟ್ ಇಲ್ಲ, ಹೀಗಾಗಿ ಅದು ಇದ್ದದ್ದನ್ನು ಇದ್ದಂತೆಯೇ ತೋರಿಸುತ್ತದೆ. ತಪ್ಪು ಮೊಬೈಲಿನದಲ್ಲ. ಅಂದು ಅನ್ಯಮಾರ್ಗವಿಲ್ಲದೆ ಈ ಉಪಾಯ ಹೂಡಿದವರದ್ದೂ ಅಲ್ಲ. ಅವರು ಹಾಗೆ ಮಾಡಿರದಿದ್ದರೆ ಎರಡು ದಶಕಗಳ ಕನ್ನಡ ಬರವಣಿಗೆ ಗಣಕಕ್ಕೆ ಏರುತ್ತಲೇ ಇರಲಿಲ್ಲ.

ಮರುಮುಖದ ತೊಂದರೆ ಇದಕ್ಕಿಂತ ನಿತ್ಯದ್ದು. ಮದುವೆಯ ಹಂಗಾಮಿನಲ್ಲಿ ಗಿರಾಕಿಗಳು ಲಗ್ನಪತ್ರಿಕೆಯ ಒಕ್ಕಣೆಯನ್ನು ಮೊಬೈಲಿನಲ್ಲಿಯೇ ಅಚ್ಚುಕಟ್ಟಾಗಿ ಬರೆದು ವಾಟ್ಸ್‌ಆ್ಯಪಿನಲ್ಲಿ ಕಳಿಸುತ್ತಾರೆ. ಅದು ಯೂನಿಕೋಡ್. ಅಂಗಡಿಯಲ್ಲಿ ಪುಟ ಕಟ್ಟುವ ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ. ಅದಕ್ಕೆ ಯೂನಿಕೋಡ್ ತಿಳಿಯದು. ಅಂಟಿಸಿದರೆ ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆಗಳು. ಅಂಗಡಿಯವರು ಎಲ್ಲವನ್ನೂ ಮೊದಲಿನಿಂದ ಬೆರಳಚ್ಚು ಮಾಡುತ್ತಾರೆ. ಗಿರಾಕಿ ಸರಿಯಾಗಿ ಬರೆದುಕೊಟ್ಟ ಬೀಗರ ಹೆಸರು ಈ ಎರಡನೆಯ ಬೆರಳಚ್ಚಿನಲ್ಲಿ ತಪ್ಪಿ, ಐದುನೂರು ಪ್ರತಿ ಅಚ್ಚಾದ ಮೇಲೆ ಕಣ್ಣಿಗೆ ಬೀಳುತ್ತದೆ. ಆಗ ನಡೆಯುವ ವಾಗ್ವಾದದಲ್ಲಿ ಇಬ್ಬರೂ ಸರಿಯೇ.

ಇದಕ್ಕೆ ಪರಿಹಾರ ಪರಿವರ್ತಕ ತಂತ್ರಾಂಶ. ಬರಹ ಹಾಗೂ ನುಡಿಯ ಈಚಿನ ಆವೃತ್ತಿಗಳೊಂದಿಗೇ ಪರಿವರ್ತಕಗಳಿವೆ. ಹಳೆಯ ಸಂಕೇತದಿಂದ ಯೂನಿಕೋಡಿಗೂ ಯೂನಿಕೋಡಿನಿಂದ ಹಳೆಯದಕ್ಕೂ ಬದಲಿಸಬಹುದು. ಬಳಸುವಾಗ ಮೂರು ವಿಷಯಗಳು ಗಮನದಲ್ಲಿರಲಿ. ಯಾವ ಫಾಂಟಿನಲ್ಲಿ ಬರೆದದ್ದೆಂಬುದು ತಿಳಿದಿರಬೇಕು, ಏಕೆಂದರೆ ನುಡಿಯ ಸಂಕೇತ ಬೇರೆ, ಶ್ರೀಲಿಪಿಯ ಸಂಕೇತ ಬೇರೆ. ಕನ್ನಡದ ನಡುವೆ ಇಂಗ್ಲಿಷ್ ಪದಗಳಿದ್ದರೆ ಪರಿವರ್ತಕ ಅವನ್ನೂ ವೇಷಧಾರಿಗಳೆಂದೇ ತಿಳಿದು ಅರ್ಥವಿಲ್ಲದ ಕನ್ನಡಕ್ಕೆ ತಿರುಗಿಸಬಹುದು. ಒತ್ತಕ್ಷರಗಳು, ಅರ್ಕಾವತ್ತು, ಅನುಸ್ವಾರ ಮತ್ತು ಸೊನ್ನೆ ಇವುಗಳಲ್ಲಿ ತಪ್ಪುಗಳು ನುಸುಳುತ್ತವೆ. ಆದ್ದರಿಂದ ಪರಿವರ್ತನೆಯ ನಂತರ ಮೂಲವನ್ನು ಎದುರಿಗಿಟ್ಟುಕೊಂಡು ಒಮ್ಮೆ ಓದಲೇಬೇಕು. ಸಹಕಾರಿ ಸಂಘದ ಠರಾವಿನಲ್ಲಿ ಒಂದು ಸೊನ್ನೆ ಅನುಸ್ವಾರವಾಗಿ ಬದಲಾದರೆ ಮೊತ್ತವೇ ಬದಲಾದೀತು.

ಓದಲಷ್ಟೇ ಬೇಕು, ತಿದ್ದುವ ಅಗತ್ಯವಿಲ್ಲ ಎನ್ನುವವರು ಹಳೆಯ ಗಣಕದಲ್ಲಿಯೇ ಕಡತವನ್ನು ಪಿ.ಡಿ.ಎಫ್. ಮಾಡಿಕೊಂಡರೆ ಸಾಕು. ಅದರೊಳಗೆ ಫಾಂಟೂ ಅಡಕವಾಗುವುದರಿಂದ ಮೊಬೈಲಿನಲ್ಲಿ ಕನ್ನಡವಾಗಿಯೇ ಕಾಣುತ್ತದೆ. ಆದರೆ ಅದರಲ್ಲಿ ಕನ್ನಡ ಪದ ಹಾಕಿ ಹುಡುಕಲಾಗದು. ವಾಕ್ಯವೊಂದನ್ನು ನಕಲಿಸಿದರೆ ಅದೇ ಹಳೆಯ ಗೆರೆ ಚುಕ್ಕಿಗಳು ಬರುತ್ತವೆ.

ಮೊಬೈಲಿನಿಂದ ಬಂದ ಯೂನಿಕೋಡ್ ಕನ್ನಡ ಎಕ್ಸ್‌ಪಿಯಲ್ಲಿ ಚೌಕಗಳಾಗಿಯೋ, ಒತ್ತಕ್ಷರ ಬಿಡಿಬಿಡಿಯಾಗಿಯೋ ಕಂಡರೆ ಅದಕ್ಕೆ ಬೇರೆ ಮದ್ದಿದೆ. ಎಕ್ಸ್‌ಪಿಯಲ್ಲಿ ಕನ್ನಡಕ್ಕಾಗಿ 'ತುಂಗಾ' ಎಂಬ ಯೂನಿಕೋಡ್ ಫಾಂಟ್ ಇದೆ, ಆದರೆ ಭಾರತೀಯ ಲಿಪಿಗಳ ಬೆಂಬಲ ಆರಂಭದಲ್ಲಿ ನಿಷ್ಕ್ರಿಯವಾಗಿರುತ್ತದೆ. ಕಂಟ್ರೋಲ್ ಪ್ಯಾನೆಲಿನ ಪ್ರಾದೇಶಿಕ ಹಾಗೂ ಭಾಷಾ ಆಯ್ಕೆಗಳಲ್ಲಿ, ಭಾಷೆಗಳ ಪುಟದಲ್ಲಿ, ಸಂಕೀರ್ಣ ಲಿಪಿಗಳ ಕುರಿತ ಚೌಕಕ್ಕೆ ಗುರುತು ಹಾಕಬೇಕು. ಆಗ ವಿಂಡೋಸಿನ ಮೂಲ ಸಿ.ಡಿ. ಕೇಳುತ್ತದೆ. ಆ ಸಿ.ಡಿ.ಯನ್ನು ಎಲ್ಲಿ ಇಟ್ಟಿದ್ದೇವೆಂದು ಹುಡುಕುವುದೇ ಈ ಕೆಲಸದ ಕಷ್ಟದ ಭಾಗ.

ಹಳೆಯ ಗಣಕವೇ ಏಳದಿದ್ದರೆ

ಕೆಲವೊಮ್ಮೆ ಇಷ್ಟು ದೂರ ಬರುವ ಮೊದಲೇ ಗಣಕ ಕಣ್ಣು ಮುಚ್ಚಿರುತ್ತದೆ. ಆಗಲೂ ಕಡತಗಳು ಹೋದವೆಂದು ತೀರ್ಮಾನಿಸಬೇಕಿಲ್ಲ. ಹೆಚ್ಚಿನ ವೇಳೆ ಕೆಡುವುದು ವಿದ್ಯುತ್ ಪೂರೈಸುವ ಘಟಕ ಅಥವಾ ಮದರ್‌ಬೋರ್ಡ್. ಹಾರ್ಡ್ ಡಿಸ್ಕ್ ಒಳಗೆ ಕ್ಷೇಮವಾಗಿಯೇ ಇರಬಹುದು. ಅದನ್ನು ಹೊರತೆಗೆದು ಯು.ಎಸ್.ಬಿ. ಕೊಂಡಿಯ ಮೂಲಕ ಇನ್ನೊಂದು ಗಣಕಕ್ಕೆ ಜೋಡಿಸಿ ಕಡತಗಳನ್ನು ನಕಲಿಸಿಕೊಳ್ಳಬಹುದು. ಹಾನಗಲ್ಲಿನಲ್ಲಾಗಲಿ ಹಿರೇಕೆರೂರಿನಲ್ಲಾಗಲಿ ಕೊಂಡಿ ಸಿಗದೆ ಹುಬ್ಬಳ್ಳಿಗೋ ದಾವಣಗೆರೆಗೋ ಹೋಗುವವರು ಡಿಸ್ಕಿನ ಹಿಂಬದಿಯ ಒಂದು ಚಿತ್ರ ತೆಗೆದುಕೊಂಡು ಹೋಗುವುದು ಒಳಿತು. 2005ರ ಹಿಂದಿನ ಬಹುತೇಕ ಡಿಸ್ಕುಗಳಲ್ಲಿ ಅಗಲವಾದ ಸಾಲಿನಲ್ಲಿ ಮುಳ್ಳುಗಳಿರುತ್ತವೆ, ಅದು ಐ.ಡಿ.ಇ. ಮಾದರಿ. ಮುಳ್ಳುಗಳಿಲ್ಲದೆ ಚಪ್ಪಟೆ ಕಿಂಡಿಗಳಿದ್ದರೆ ಅದು ಸಾಟಾ. ಈಗ ಮಾರಾಟದಲ್ಲಿರುವ ಅನೇಕ ಕೊಂಡಿಗಳು ಸಾಟಾಗೆ ಮಾತ್ರ ಹೊಂದುವಂಥವು, ಆದ್ದರಿಂದ ಎರಡಕ್ಕೂ ಹೊಂದುವುದನ್ನೇ ಕೇಳಬೇಕು. ಮೇಜಿನ ಗಣಕದ ದೊಡ್ಡ ಡಿಸ್ಕಿಗೆ ಯು.ಎಸ್.ಬಿ.ಯಿಂದ ಬರುವ ವಿದ್ಯುತ್ ಸಾಲದು. ಕೊಂಡಿಯೊಂದಿಗೆ ಪ್ರತ್ಯೇಕ ಅಡಾಪ್ಟರ್ ಇದೆಯೇ ಎಂದು ಅಂಗಡಿಯಲ್ಲಿಯೇ ನೋಡಿಕೊಳ್ಳಬೇಕು.